ಗುಳಿಗೆ ಒಬ್ಬರಿಗೆ, ಎಚ್ಚರ ಇಬ್ಬರಿಗೂ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)

ಕುಟುಂಬ ಕಲ್ಯಾಣವೆಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ಕೆಂಪು ತ್ರಿಕೋನದ ಚಿಹ್ನೆ, ಮಕ್ಕಳ ಸಂಖ್ಯೆ, ಮಕ್ಕಳ ನಡುವಣ ಅಂತರ. ಆದರೆ ಮನೆಯಲ್ಲಿ ಒಬ್ಬರಿಗೆ ದೀರ್ಘಕಾಲದ ಕಾಯಿಲೆಯಿದ್ದು, ಅವರು ದಿನವೂ ಗುಳಿಗೆ ನುಂಗಬೇಕಾಗಿದ್ದರೆ, ಆ ಗುಳಿಗೆಗೂ ಹುಟ್ಟಲಿರುವ ಮಗುವಿಗೂ ಸಂಬಂಧವಿರಬಹುದೆಂಬುದನ್ನು ಬಹುಮಂದಿ ಅರಿಯರು. ಅಂಥದೊಂದು ಕಾಯಿಲೆ ಮತ್ತು ಅಂಥದೊಂದು ಗುಳಿಗೆಯ ವಿಷಯವಾಗಿ ಈ ದಿನ ತಮ್ಮೊಡನೆ ನಾಲ್ಕು ಮಾತುಗಳನ್ನು ಆಡಬಯಸುತ್ತೇನೆ.

ಕಾಯಿಲೆಯ ಪರಿಚಯ

ಆ ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ೧೮೬೮ರಲ್ಲಿ ಪ್ಯಾರಿಸ್ ನಗರದ ವೈದ್ಯ ಷಾರ್ಕೊ ಎಂಬುವರು ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಕೊಳವೆ ಬಾವಿಯ ಪಂಪಿಗೆ ಎಳೆದ ತಂತಿಯನ್ನು ತಾವೆಲ್ಲರೂ ಕಂಡಿದ್ದೀರಿ. ತಂತಿಯ ಮೇಲಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋದರೆ ವಿದ್ಯುತ್ತು ಸರಿಯಾಗಿ ಹರಿಯದು. ನಮ್ಮ ಮಿದುಳು ಮತ್ತು ಬೆನ್ನುಹುರಿಯ ನರಗಳಿಗೂ ಅಂಥ ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ತಪ್ಪಿ ಆ ಹೊದಿಕೆಯನ್ನು ಕೆಡಿಸುವುದೇ ಈ ರೋಗ. ಒಂದು ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು, ವಿಪರೀತ ಆಯಾಸ - ಇವು ಇದರ ಲಕ್ಷಣಗಳು. ಸಾಮಾನ್ಯವಾಗಿ ೨೦ರಿಂದ ೪೦ ವರ್ಷದೊಳಗೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಎಂದರೆ ಸಂಸಾರ ಕಟ್ಟುವ ವಯಸ್ಸಿನಲ್ಲಿಯೇ ಬರುವ ಕಾಯಿಲೆಯಿದು.

ಇದು ಅಂಟುರೋಗವಲ್ಲ, ಗಾಳಿ ಸೋಕಿದ್ದೂ ಅಲ್ಲ, ದೈವದ ಶಾಪವೂ ಅಲ್ಲ. ಈ ಕಾಯಿಲೆಯಿರುವ ಹೆಣ್ಣುಮಗಳು ತಾಯಿಯಾಗಬಾರದೆಂಬ ನಿಯಮವೂ ಇಲ್ಲ. ರೋಗಿಯ ಮಕ್ಕಳಲ್ಲಿ ಬಹುಪಾಲಿನವರಿಗೆ ಈ ರೋಗ ಬರುವುದಿಲ್ಲ.

ಗುಳಿಗೆಯ ವಿಚಾರ

ಮೊದಲು ಈ ರೋಗವನ್ನು ತಡೆಯಲು ಚುಚ್ಚುಮದ್ದುಗಳು ಮಾತ್ರವೇ ಇದ್ದವು. ೨೦೧೦ರಲ್ಲಿ ಅಮೆರಿಕದಲ್ಲಿ ಫಿಂಗೋಲಿಮೋಡ್ ಎಂಬ ಬಾಯಿಯ ಔಷಧಿಗೂ, ೨೦೧೨ರಲ್ಲಿ ಟೆರಿಫ್ಲುನೊಮೈಡ್ ಎಂಬ ಗುಳಿಗೆಗೂ ಅನುಮತಿ ದೊರೆಯಿತು. ಇವು ರೋಗವನ್ನು ಬೇರುಸಹಿತ ಕೀಳುವ ಔಷಧಿಗಳಲ್ಲ; ರೋಗ ಮರಳಿ ಮರಳಿ ಕೆರಳುವುದನ್ನು ಕಡಿಮೆ ಮಾಡುವಂಥವು. ಆದುದರಿಂದ ಕೈಕಾಲು ಹಗುರವಾಯಿತೆಂದು ಗುಳಿಗೆ ಬಿಡುವುದು ತಪ್ಪು; ಗುಣ ಕಾಣಲಿಲ್ಲವೆಂದು ಎರಡೆರಡು ನುಂಗುವುದು ಇನ್ನೂ ದೊಡ್ಡ ತಪ್ಪು.

ಟೆರಿಫ್ಲುನೊಮೈಡನ್ನು ದಿನಕ್ಕೆ ಒಂದು ಸಲ, ಊಟದ ಮೊದಲಾಗಲಿ ಅನಂತರವಾಗಲಿ ತೆಗೆದುಕೊಳ್ಳಬಹುದು. ಪ್ರಾರಂಭಿಸುವ ಮುನ್ನ ಯಕೃತ್ತಿನ ರಕ್ತಪರೀಕ್ಷೆ, ರಕ್ತಕಣಗಳ ಎಣಿಕೆ, ಕ್ಷಯರೋಗದ ಪರೀಕ್ಷೆ ಮತ್ತು ರಕ್ತದೊತ್ತಡದ ತಪಾಸಣೆ ಆಗಬೇಕು. ಹೆಂಗಸರಾದರೆ ಗರ್ಭವಿಲ್ಲವೆಂಬುದು ಖಚಿತವಾಗಬೇಕು. ಅನಂತರ ಮೊದಲ ೬ ತಿಂಗಳು, ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆ ತಪ್ಪಕೂಡದು. ಕಡಲೆಕಾಯಿ ಕೀಳುವ ಸುಗ್ಗಿಯೆಂದೋ, ನಾಯಕನಹಟ್ಟಿಯ ತೇರೆಂದೋ ಪರೀಕ್ಷೆಯನ್ನು ಮುಂದೂಡಬೇಡಿರಿ. ಯಕೃತ್ತು ಕೆಡುತ್ತಿರುವುದು ಮೊದಲಿಗೆ ಮೈಗೆ ತಿಳಿಯದು, ರಕ್ತಪರೀಕ್ಷೆಗೆ ತಿಳಿಯುತ್ತದೆ.

ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ಬಿಡದ ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು, ಮೈಮೇಲೆ ಬೊಬ್ಬೆ, ಜ್ವರ, ಉಸಿರಾಟದ ತೊಂದರೆ - ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ವೈದ್ಯರನ್ನು ಕಾಣತಕ್ಕದ್ದು. ಕಾಮಾಲೆಗೆಂದು ನಾಟಿ ಔಷಧಿ ಕುಡಿದು ಕಾಲ ಕಳೆಯಬಾರದು. ಮದ್ಯಪಾನವನ್ನು ದೂರವಿಡಬೇಕು. ಕೂದಲು ತೆಳುವಾಗುವುದು, ಭೇದಿ ಮುಂತಾದ ತೊಂದರೆಗಳೂ ಕೆಲವರಿಗೆ ಆಗುವುದುಂಟು. ಇದನ್ನೂ ಮರೆಮಾಡದೆ ವೈದ್ಯರಿಗೆ ಹೇಳಿರಿ.

ಇನ್ನೊಂದು ಮಾತು. ಕೀಲುವಾತಕ್ಕೆ ಕೊಡುವ ಲೆಫ್ಲುನೊಮೈಡ್ ಎಂಬ ಗುಳಿಗೆಯು ದೇಹದೊಳಗೆ ಇದೇ ಔಷಧಿಯಾಗಿ ಮಾರ್ಪಡುತ್ತದೆ. ಆದುದರಿಂದ ಇವೆರಡನ್ನೂ ಒಟ್ಟಿಗೆ ಸೇವಿಸಕೂಡದು. ಗರ್ಭದ ವಿಷಯದಲ್ಲಿ ಈಗ ನಾನು ಹೇಳಲಿರುವ ಎಚ್ಚರ ಕೀಲುವಾತದ ಆ ಗುಳಿಗೆ ನುಂಗುವವರಿಗೂ ಅನ್ವಯಿಸುತ್ತದೆ.

ಹುಟ್ಟಲಿರುವ ಮಗು

ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಈ ಔಷಧಿಯಿಂದ ಗರ್ಭದಲ್ಲಿದ್ದ ಮರಿಗಳಿಗೆ ಅಂಗದೋಷ ಉಂಟಾಗಿರುವುದು ಕಂಡುಬಂದಿದೆ. ಆದಕಾರಣ ಗರ್ಭಿಣಿಯರು ಇದನ್ನು ಸೇವಿಸಲೇಬಾರದು. ಮೊಲೆಯೂಡಿಸುವ ತಾಯಂದಿರೂ ಸೇವಿಸಬಾರದು. ಗುಳಿಗೆ ನಡೆಯುತ್ತಿರುವಷ್ಟು ಕಾಲವೂ ನಂಬಿಕೆಗೆ ಅರ್ಹವಾದ ಗರ್ಭನಿರೋಧಕ ಕ್ರಮವನ್ನು ಅನುಸರಿಸಬೇಕು. ಕಾಪರ್-ಟಿ, ನಿರೋಧ್ ಮುಂತಾದವು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ನುಂಗುವ ಗರ್ಭನಿರೋಧಕ ಗುಳಿಗೆಯನ್ನು ಬಯಸುವವರು ಎರಡೂ ಔಷಧಿಗಳ ಹೆಸರನ್ನು ವೈದ್ಯರಿಗೆ ತೋರಿಸಿ ಕೇಳಿಕೊಳ್ಳಬೇಕು.

ಈ ಗುಳಿಗೆಯ ವಿಶೇಷವೊಂದನ್ನು ಚೆನ್ನಾಗಿ ನೆನಪಿಡಿರಿ. ಇಂದು ನಿಲ್ಲಿಸಿದರೆ ನಾಳೆಯೇ ಮೈಯಿಂದ ಹೋಗುವಂಥದಲ್ಲ ಇದು. ರಕ್ತದಿಂದ ತಕ್ಕಷ್ಟು ಇಳಿಯಲು ಸರಾಸರಿ ೮ ತಿಂಗಳು, ಕೆಲವರಲ್ಲಿ ೨ ವರ್ಷದವರೆಗೂ ಹಿಡಿಯುತ್ತದೆ. "ಈ ತಿಂಗಳು ಗುಳಿಗೆ ಬಿಟ್ಟೆವು, ಮುಂದಿನ ತಿಂಗಳು ಬಸಿರಾಗಬಹುದು" ಎಂಬ ಲೆಕ್ಕ ಇಲ್ಲಿ ನಡೆಯದು. ಆದರೆ ಬೇಗನೆ ಹೊರಹಾಕುವ ಉಪಾಯವುಂಟು. ಕೊಲೆಸ್ಟಿರಮೀನ್ ಎಂಬ ಪುಡಿಯನ್ನಾಗಲಿ, ಔಷಧಿಗೆಂದೇ ಸಿದ್ಧಪಡಿಸಿದ ಇದ್ದಿಲಿನ ಪುಡಿಯನ್ನಾಗಲಿ ೧೧ ದಿನಗಳ ಕಾಲ ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡುತ್ತಾರೆ. ಇದು ಒಲೆಯ ಇದ್ದಿಲಲ್ಲವೆಂಬುದನ್ನು ಮರೆಯದಿರಿ. ಅನಂತರ ಕನಿಷ್ಠ ೧೪ ದಿನಗಳ ಅಂತರದಲ್ಲಿ ಎರಡು ಸಲ ರಕ್ತಪರೀಕ್ಷೆ ಮಾಡಿ, ಔಷಧಿ ಇಳಿದಿದೆಯೆಂದು ತಿಳಿದ ಮೇಲೆಯೇ ಮಗುವಿನ ಯೋಚನೆ. ಆ ಪುಡಿ ಸೇವಿಸುವ ದಿನಗಳಲ್ಲಿ ಗರ್ಭನಿರೋಧಕ ಗುಳಿಗೆಯ ಬಲ ಕುಂದಬಹುದಾದ್ದರಿಂದ ಬೇರೊಂದು ಕ್ರಮವನ್ನು ಅನುಸರಿಸಬೇಕು.

ಗಂಡನೇ ರೋಗಿಯಾಗಿದ್ದರೆ? ಅವನ ಮೂಲಕ ಗರ್ಭಕ್ಕೆ ಆಗಬಹುದಾದ ಅಪಾಯ ಕಡಿಮೆಯೆಂದು ಭಾವಿಸಲಾಗಿದೆ. ಆದರೂ ತಂದೆಯಾಗಬಯಸುವವನು ಮುಂಚಿತವಾಗಿ ವೈದ್ಯರ ಸಲಹೆ ಪಡೆಯುವುದೇ ಲೇಸು.

ಮುಟ್ಟು ತಡವಾಯಿತೆಂದರೆ ಕಾಯುತ್ತ ಕೂರಬೇಡಿರಿ. ಕೂಡಲೇ ಪರೀಕ್ಷೆ ಮಾಡಿಸಿರಿ. ಗರ್ಭ ನಿಂತಿದ್ದರೆ ಗುಳಿಗೆ ನಿಲ್ಲಿಸಿ, ಅದೇ ದಿನ ವೈದ್ಯರಿಗೆ ತಿಳಿಸಿರಿ. ಔಷಧಿಯನ್ನು ಬೇಗನೆ ಹೊರಹಾಕುವ ಚಿಕಿತ್ಸೆಯಿಂದ ಅಪಾಯವನ್ನು ತಗ್ಗಿಸಬಹುದು. ಹೆದರಿ ಅನರ್ಹರ ಕೈಯಲ್ಲಿ ಗರ್ಭ ತೆಗೆಸುವ ದುಸ್ಸಾಹಸಕ್ಕೆ ಯಾರೂ ಇಳಿಯಬಾರದು.

ಫಿಂಗೋಲಿಮೋಡಿನ ನಿಯಮಗಳು ಬೇರೆ. ಮೊದಲನೆಯ ದಿನ ಎದೆಬಡಿತ ನಿಧಾನವಾಗಬಹುದಾದ್ದರಿಂದ ೬ ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಾರೆ. ಅದನ್ನು ನಿಲ್ಲಿಸಿದ ಅನಂತರವೂ ೨ ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಅದನ್ನು ನಿಲ್ಲಿಸಿದಾಗ ರೋಗ ಬಲವಾಗಿ ಮರುಕಳಿಸಬಹುದಾದ್ದರಿಂದ, ತಾವಾಗಿಯೇ ಬಿಡಬಾರದು. ಒಬ್ಬರ ಗುಳಿಗೆಯ ನಿಯಮವನ್ನು ಇನ್ನೊಬ್ಬರ ಗುಳಿಗೆಗೆ ಹಚ್ಚಬೇಡಿರಿ.

ಮನೆಯೊಳಗಿನ ಮಾತು

ಮೊಳಕಾಲ್ಮೂರಿನ ಒಂದು ನೇಕಾರರ ಸಂಸಾರವನ್ನು ಊಹಿಸಿಕೊಳ್ಳೋಣ. ಮದುವೆಯಾಗಿ ಮೂರು ವರ್ಷ. ಸೊಸೆಗೆ ಈ ಕಾಯಿಲೆ, ದಿನವೂ ಗುಳಿಗೆ. ರೇಷ್ಮೆಯ ಎಳೆ ಹಿಡಿಯುವ ಬೆರಳಿಗೆ ಜೋಮು ಬಂದುದನ್ನು ಗಂಡ ಬಲ್ಲ, ಅತ್ತೆಗೆ ತಿಳಿಯದು. ಅತ್ತೆ ನೆರೆಯವರ ಮುಂದೆ, "ಇನ್ನೂ ಮಡಿಲು ತುಂಬಲಿಲ್ಲ" ಎಂದು ಕಣ್ಣೀರಿಡುತ್ತಾರೆ. ಆ ಮಾತಿಗೆ ನೊಂದ ಸೊಸೆ ಯಾರಿಗೂ ಹೇಳದೆ ಗುಳಿಗೆ ಬಿಡುತ್ತಾಳೆ, ಕಾಪರ್-ಟಿ ತೆಗೆಸುತ್ತಾಳೆ. ಇದರಿಂದ ಎರಡು ಅಪಾಯಗಳು: ರೋಗ ಕೆರಳಬಹುದು, ರಕ್ತದಲ್ಲಿ ಉಳಿದಿರುವ ಔಷಧಿಯ ನಡುವೆಯೇ ಗರ್ಭ ನಿಲ್ಲಬಹುದು.

ಇಲ್ಲಿ ಬಾಯಿ ತೆರೆಯಬೇಕಾದವನು ಗಂಡ. "ಅವ್ವಾ, ತಪ್ಪು ಅವಳದಲ್ಲ. ಡಾಕ್ಟರು ಹೇಳಿದ ಮೇಲೆ ಮಗು ಮಾಡಿಕೊಳ್ಳೋಣ ಎಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ" ಎಂಬ ಒಂದು ಮಾತು ಹೆಂಡತಿಗೆ ಔಷಧಿಯಷ್ಟೇ ಬಲವನ್ನು ಕೊಡುತ್ತದೆ. ಮಗು ಬೇಕೆನಿಸಿದಾಗ ಇಬ್ಬರೂ ಒಟ್ಟಿಗೆ ಹೋಗಿ ವೈದ್ಯರನ್ನು ಕೇಳಿದರೆ, ದಾರಿಯನ್ನು ಅವರು ತೋರಿಸುತ್ತಾರೆ. ಗರ್ಭಕಾಲದಲ್ಲಿ ಈ ರೋಗ ಸಾಮಾನ್ಯವಾಗಿ ತಣ್ಣಗಿದ್ದು, ಹೆರಿಗೆಯಾದ ಮೊದಲ ೩ ತಿಂಗಳಲ್ಲಿ ಕೆರಳುವ ಸಂಭವ ಹೆಚ್ಚು. ಆ ಕಾಲದ ಆರೈಕೆಗೂ ಮನೆಯವರು ಮೊದಲೇ ಸಿದ್ಧರಾಗಿರಬೇಕು.

ನಮ್ಮ ಸೀಮೆಯ ಬಿಸಿಲು

ನಮ್ಮದು ಮಳೆ ಕಡಿಮೆಯಾದ, ಬಿಸಿಲು ಹೆಚ್ಚಾದ ಸೀಮೆ. ಮೈ ಕಾದಾಗ ಈ ರೋಗಿಗಳ ಕಣ್ಣು ಮಂಜಾಗುವುದು, ಕಾಲು ಸೋಲುವುದು ಉಂಟು. ಮೈ ತಂಪಾದೊಡನೆ ಇಳಿಯುತ್ತದೆ. ಇದನ್ನು ಕಂಡು ಗುಳಿಗೆ ಕೆಲಸ ಮಾಡುತ್ತಿಲ್ಲವೆಂದು ಭಾವಿಸಬೇಡಿರಿ. ಹೊಲದ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಿ, ನಡುಹಗಲು ನೆರಳಿನಲ್ಲಿರುವುದು ಒಳ್ಳೆಯದು. ಆದರೆ ಹೊಸ ಲಕ್ಷಣವೊಂದು ೨೪ ಗಂಟೆ ಮೀರಿ ನಿಂತರೆ ವೈದ್ಯರಿಗೆ ತೋರಿಸತಕ್ಕದ್ದು. ಗುಳಿಗೆಯನ್ನು ತಗಡಿನ ಮಾಡಿನ ಕೆಳಗಾಗಲಿ, ಒಲೆಯ ಪಕ್ಕದಲ್ಲಾಗಲಿ ಇಡದೆ, ಮಕ್ಕಳ ಕೈಗೆ ಸಿಗದ ತಂಪಾದ ಗೂಡಿನಲ್ಲಿಡಿರಿ.

ಅಂಗಡಿಯಲ್ಲಿ ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಒಳಗಿನ ಔಷಧಿಯ ಹೆಸರನ್ನು ಓದಿಸಿ ನೋಡಿರಿ. ಬೇರೆ ಯಾವ ಕಾಯಿಲೆಗೆ ವೈದ್ಯರ ಬಳಿ ಹೋದರೂ, ಲಸಿಕೆ ಹಾಕಿಸಿಕೊಳ್ಳುವಾಗಲೂ ಈ ಗುಳಿಗೆಯ ಚೀಟಿಯನ್ನು ತೋರಿಸಿರಿ; ಕೆಲವು ಲಸಿಕೆಗಳು ಈ ಔಷಧಿಯೊಡನೆ ಸಲ್ಲವು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ರೋಗದ ತಜ್ಞ ಚಿಕಿತ್ಸೆ ದೊರೆಯುತ್ತದೆ. ಅಲ್ಲಿಗೆ ದಾರಿ ದೂರ. ಆದುದರಿಂದ ತಿಂಗಳ ರಕ್ತಪರೀಕ್ಷೆಯನ್ನು ಚಳ್ಳಕೆರೆಯಲ್ಲಿಯೋ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿಯೋ ಮಾಡಿಸಬಹುದೇ ಎಂದು ತಜ್ಞರನ್ನೇ ಕೇಳಿ, ಚೀಟಿ ಬರೆಸಿಕೊಂಡು ಬನ್ನಿರಿ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಈ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ ಉಂಟಾದವರು ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ತಮ್ಮ ಊರಿನ ಆಶಾ ಕಾರ್ಯಕರ್ತೆಯ ನೆರವನ್ನು ಕೇಳಿರಿ.

ಸೋದರ ಸೋದರಿಯರೆ, ಗುಳಿಗೆಯನ್ನು ನುಂಗುವವರು ಒಬ್ಬರೇ ಆದರೂ ಅದರ ಎಚ್ಚರವನ್ನು ಹೊರಬೇಕಾದವರು ಇಬ್ಬರು. ಇಂದು ರಾತ್ರಿ ಊಟವಾದ ಮೇಲೆ ಗಂಡಹೆಂಡಿರು ಕೂತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಮುಂದಿನ ರಕ್ತಪರೀಕ್ಷೆ ಯಾವ ದಿನ? ಈಗ ಅನುಸರಿಸುತ್ತಿರುವ ಗರ್ಭನಿರೋಧಕ ಯಾವುದು? ಮಗು ಬೇಕೆಂದು ವೈದ್ಯರನ್ನು ಕೇಳುವುದು ಯಾವಾಗ? ಈ ಮೂರಕ್ಕೂ ಉತ್ತರವಿರುವ ಮನೆಯಲ್ಲಿ ತಾಯಿಯೂ ಕ್ಷೇಮ, ಬರುವ ಮಗುವೂ ಕ್ಷೇಮ.