ಸರ್ವೇಯರ್ ಲೈಸೆನ್ಸ್ ರದ್ದಾದ್ರೆ ನಮ್ಮ ಕ್ಲೇಮ್ ದುಡ್ಡು ಬರುತ್ತಾ?

ಮಸಗುಪ್ಪಿಯಿಂದ ಮಾತಾಡಾಕತ್ತೀನಿ. 2019ರ ಆಗಸ್ಟ್ ಮಹಾಪೂರ ನಮ್ಮ ಕಡೆ ಯಾರೂ ಮರೆತಿಲ್ಲ. ಘಟಪ್ರಭಾ ಉಕ್ಕಿ ಲೋಳಸೂರ ಸೇತುವೆ ಮುಳುಗಿತ್ತು, ಗೋಕಾಕ ಪ್ಯಾಟಿ ಅಂಗಡಿಗಳಿಗೆ ನೀರು ಹೊಕ್ಕಿತ್ತು. 2021ರಲ್ಲಿ ಮತ್ತದೇ ಕಥಿ. ಅದಕ್ಕೇ ಇವತ್ತು ಈ ವಿಷಯ: ಇನ್ಶೂರೆನ್ಸ್ ಸರ್ವೇಯರ್ ತಪ್ಪು ಮಾಡಿದ್ರೆ ಏನು ಮಾಡೋದು?

ಮೊದಲು ಒಂದು ಗೊಂದಲ ಬಿಡಿಸ್ತೀನಿ. ತಲಾಠಿ, ಎಂಜಿನಿಯರ್ ಬಂದು ಮನೆಗೆ ಎ, ಬಿ, ಸಿ ಅಂತ ಬರೆದುಕೊಂಡು ಹೋದ್ರಲ್ಲ, ಅದು ಸರ್ಕಾರದ ಪರಿಹಾರ. ಬೆಳೆ ವಿಮೆ ದಾರಿನೂ ಬೇರೆ. ನಾನು ಹೇಳ್ತಿರೋದು ಅಂಗಡಿ, ಮನೆ, ಗಾಡಿಗೆ ನಾವೇ ಪ್ರೀಮಿಯಂ ಕಟ್ಟಿದ ಪಾಲಿಸಿ ಬಗ್ಗೆ. ಗಾಡಿಗೆ 50 ಸಾವಿರ, ಉಳಿದದ್ದಕ್ಕೆ 1 ಲಕ್ಷ ರೂಪಾಯಿ ಮುಟ್ಟಿದ ನಷ್ಟವನ್ನು ಲೈಸೆನ್ಸ್ ಇರೋ ಸರ್ವೇಯರ್ ನೋಡಬೇಕು. ಲೈಸೆನ್ಸ್ ಕೊಡೋದು ಹೈದರಾಬಾದ್‌ನಲ್ಲಿರೋ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಐಆರ್‌ಡಿಎಐ. ಕಿತ್ತುಕೊಳ್ಳೋದೂ ಅದೇ.

ಯಾವಾಗ ಕಿತ್ತುಕೊಳ್ಳಬಹುದು? ತನಗೇ ಸಂಬಂಧ ಇರೋ ಕ್ಲೇಮ್ ನೋಡಿದ್ರೆ, ತನ್ನ ಲೈಸೆನ್ಸ್‌ನಲ್ಲಿ ಇಲ್ಲದ ವಿಭಾಗದ ಕೆಲಸ ಹಿಡಿದ್ರೆ, ಸುಳ್ಳು ರಿಪೋರ್ಟ್ ಬರೆದ್ರೆ. ಮೊದಲು ನೋಟಿಸ್, ಆಮೇಲೆ ಅವರ ಮಾತು ಕೇಳಬೇಕು, ಆಮೇಲೆ ಅಮಾನತು ಅಥವಾ ರದ್ದು. ಅದರ ಮೇಲೂ ಅವರು ಮುಂಬೈನ ಸೆಕ್ಯುರಿಟೀಸ್ ಅಪೀಲು ನ್ಯಾಯಮಂಡಳಿಗೆ ಹೋಗಬಹುದು. ಬ್ಯಾಸರ ತರಿಸೋಷ್ಟು ಉದ್ದದ ದಾರಿ, ಆದ್ರೆ ಒಬ್ಬರ ಹೊಟ್ಟೆಪಾಡಿನ ಪ್ರಶ್ನೆ, ಹಂಗೇ ಇರಬೇಕು ಅನ್ನೋನು ನಾನು.

ಆದ್ರೆ ದುಡ್ಡು ಕಡಿಮಿ ಬಂತು ಅಂದ ಕೂಡಲೇ ಸರ್ವೇಯರ್ ಕಳ್ಳ ಅಲ್ಲ. 10 ಲಕ್ಷದ ಮಾಲಿಗೆ 5 ಲಕ್ಷದ ಪಾಲಿಸಿ ಮಾಡಿಸಿರ್ತೀವಿ ಅಂತ ಇಟ್ಕೊಳ್ರಿ. 4 ಲಕ್ಷದ ಮಾಲು ನೀರುಪಾಲಾದ್ರೆ ಸಾಮಾನ್ಯವಾಗಿ 2 ಲಕ್ಷವಷ್ಟೇ ಲೆಕ್ಕಕ್ಕೆ ಬರುತ್ತೆ. ಅರ್ಧ ವಿಮೆ, ಅರ್ಧ ಪರಿಹಾರ. ಪ್ರೀಮಿಯಂ ಉಳಿಸೋಣ ಅಂತ ಮೊತ್ತ ಇಳಿಸೋ ಏಜೆಂಟರು ಇದನ್ನ ಬಾಯಿಬಿಟ್ಟು ಹೇಳಲ್ಲ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆಗೆ ಈ ಕಡಿತ ಇಲ್ಲ, ಅಂಗಡಿಯವರು ಮಾತ್ರ ಹುಷಾರು.

ಇನ್ನು ಅಸಲಿ ಮಾತು. ಸರ್ವೇಯರ್‌ಗೆ ಫೀ ಕೊಡೋದು ಕಂಪನಿ. ಅಮೆರಿಕಾದ ಬಹಳಷ್ಟು ರಾಜ್ಯಗಳಲ್ಲಿ ಪಬ್ಲಿಕ್ ಅಡ್ಜಸ್ಟರ್ ಅಂತ ಇರ್ತಾರೆ, ಗ್ರಾಹಕನ ಪರ ನಷ್ಟ ಲೆಕ್ಕ ಹಾಕೋರು. ಅವರಿಗೂ ಸರ್ಕಾರದ ಲೈಸೆನ್ಸ್ ಬೇಕು, ದಾರಿ ತಪ್ಪಿದ್ರೆ ಅದು ರದ್ದಾಗುತ್ತೆ. ನಮ್ಮಲ್ಲಿ ಅಂಥ ಲೈಸೆನ್ಸೇ ಇಲ್ಲ. ‘ಕ್ಲೇಮ್ ಮಾಡಿಸಿಕೊಡ್ತೀನಿ, ಬಂದದ್ರಾಗ ಇಷ್ಟು ಪರ್ಸೆಂಟ್ ಕೊಡ್ರಿ’ ಅಂತ ವಾಟ್ಸಾಪ್ ಮಾಡ್ತಾನಲ್ಲ, ಅವನು ದುಡ್ಡು ತಗೊಂಡು ಫೋನ್ ಆಫ್ ಮಾಡಿದ್ರೆ ಐಆರ್‌ಡಿಎಐ ಯಾವ ಲೈಸೆನ್ಸ್ ರದ್ದು ಮಾಡಬೇಕು? ಪೊಲೀಸ್ ಠಾಣೆಗೇ ಹೋಗಬೇಕು.

ಸರ್ವೇಯರ್ ಲೈಸೆನ್ಸ್ ಹೋದ್ರೂ ನಿಮ್ಮ ಖಾತೆಗೆ ತಾನಾಗೇ ಒಂದು ರೂಪಾಯಿ ಬೀಳಲ್ಲ. ಅದು ಶಿಸ್ತಿನ ಕ್ರಮ, ದುಡ್ಡಿಗೆ ಬೇರೆ ಬಾಗಿಲು. ಹಂಗಂತ ದೂರು ಕೊಡಬ್ಯಾಡ್ರಿ ಅನ್ನಲ್ಲ. ಮುಂದಿನ ಮಳೆಗಾಲಕ್ಕೆ ಅದೇ ಮನುಷ್ಯ ಬೇರೆಯವರ ಅಂಗಡಿಗೆ ಬರ್ತಾನಲ್ಲ.

ಸರ್ವೇಯರ್ ಬಂದಾಗ ಹೆಸರು, ಲೈಸೆನ್ಸ್ ನಂಬರ್ ಕೇಳಿ ಬರೆದಿಟ್ಕೊಳ್ರಿ. ರಾಡಿ ತೊಳೆಯೋಕೆ ಮುಂಚೆ ಗೋಡೆ ಮೇಲಿನ ನೀರಿನ ಗುರುತಿನ ಫೋಟೋ ತಗೀರಿ. 2024ರ ನಿಯಮದ ಪ್ರಕಾರ ದೊಡ್ಡ ನಷ್ಟಕ್ಕೆ ಕಂಪನಿ 24 ಗಂಟೆಯಲ್ಲಿ ಸರ್ವೇಯರ್ ನೇಮಿಸಬೇಕು, ರಿಪೋರ್ಟ್ 15 ದಿನದಲ್ಲಿ ಬರಬೇಕು, ಆಮೇಲೆ 7 ದಿನದಲ್ಲಿ ತೀರ್ಮಾನ. ರಿಪೋರ್ಟ್ ಕಾಪಿ ಕೇಳಿ ತಗೋರಿ. ಅದೇ ಕೊನೆ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಒಪ್ಪಿಗೆ ಇಲ್ಲ ಅಂದ್ರೆ ಮೊದಲು ಕಂಪನಿಗೆ ಲಿಖಿತ ದೂರು. ಬಿಮಾ ಭರೋಸಾ ಪೋರ್ಟಲ್ ಇದೆ, 155255ಕ್ಕೆ ಫೋನ್ ಮಾಡಿದ್ರೂ ನಡೆಯುತ್ತೆ. ತಿಂಗಳಾದ್ರೂ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ. 50 ಲಕ್ಷದವರೆಗಿನ ತಕರಾರು, ಫೀ ಇಲ್ಲ, ವಕೀಲರೂ ಬೇಕಿಲ್ಲ. ಸಣ್ಣ ಅಂಗಡಿ ಇಟ್ಟವರೂ ಹೋಗಬಹುದು. ಕಂಪನಿ ತಿರಸ್ಕರಿಸಿದ ಪತ್ರದ ತಾರೀಖಿನಿಂದ ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕು. ಆ ಪತ್ರ ಕಳ್ಕೋಬ್ಯಾಡ್ರಿ.