ಸೂಜಿ ಬಿಡದೆ ತೂಕ ಇಳಿಸಿದ್ದು

(ತಿಪಟೂರು ಸೀಮೆಯ ಅಕ್ಕನ ಬಳಗವೊಂದರ ಮಾಸಿಕ ಗೋಷ್ಠಿಯಲ್ಲಿ ಶರಣೆಯೊಬ್ಬರು ಆಡಿದ ಮಾತುಗಳ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ 'ಕಾಯವೂ ಕಾಯಕವೂ'. ಕಾಯಕದ ಬಗ್ಗೆ ಮಾತನಾಡಲು ನನಗಿಂತ ತಿಳಿದವರು ಇಲ್ಲೇ ಇದ್ದಾರೆ. ನಾನು ಕಾಯದ ಬಗ್ಗೆ, ಅದೂ ನನ್ನ ಕಾಯದ ಬಗ್ಗೆ ಮಾತ್ರ ಹೇಳುತ್ತೇನೆ. ಈಚೆಗೆ ಎದುರಾದವರೆಲ್ಲ ಕೇಳುತ್ತಾರೆ, "ಏನವ್ವ, ಇಳಿದುಹೋಗಿದ್ದೀಯ, ಸಕ್ಕರೆ ಕಾಯಿಲೆ ಜೋರಾಯ್ತಾ?" ಅಂತ. ಜೋರಾಗಿಲ್ಲ. 76 ಕಿಲೋ ಇದ್ದವಳು ಹದಿನಾಲ್ಕು ತಿಂಗಳಲ್ಲಿ 65ಕ್ಕೆ ಬಂದಿದ್ದೇನೆ, ಬೇಕೆಂದೇ. ಆದರೆ ಹಾಗೆ ಕೇಳಿದವರು ತಪ್ಪೇನೂ ಕೇಳಲಿಲ್ಲ.

ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ಹಾಕಿದ ಕಾಯಿ ಎಂಟು ಹತ್ತು ತಿಂಗಳಿಗೆ ನೀರು ಇಂಗಿ ಹಗುರವಾಗುತ್ತದೆ; ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಅದು ಉಂಡೆ ಕೊಬ್ಬರಿ, ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಬರುವ ಮಾಲು. ಎಲ್ಲೋ ಬಿರುಕು ಬಿಟ್ಟು ಒಳಗೇ ಕೊಳೆತ ಕಾಯಿಯೂ ಹಗುರವಾಗುತ್ತದೆ. ತಕ್ಕಡಿಗೆ ಎರಡೂ ಒಂದೇ. ನನ್ನಂಥ ಕಾಯಿಲೆಯವರ ಮೈಯೂ ಆ ಎರಡು ಬಗೆಯಲ್ಲಿ ಇಳಿಯುತ್ತದೆ. ಎರಡನ್ನೂ ನಾನು ಕಂಡಿದ್ದೇನೆ.

ಹೋದ ತಿಂಗಳು ಇಲ್ಲಿ ಪ್ರಸಾದ ಆದ ಮೇಲೆ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಹೈಸ್ಕೂಲು ಓದುತ್ತಾಳೆ, ನನ್ನದೇ ಕಾಯಿಲೆ. ಮೆಲ್ಲಗೆ ಕೇಳಿದಳು: "ಅಕ್ಕಾ, ಸೂಜಿ ಅರ್ಧ ಹಾಕಿದ್ರೆ ಸಣ್ಣ ಆಗ್ತೀವಂತೆ, ನಿಜವಾ?" ನಾನು "ಹಾಗೆಲ್ಲ ಮಾಡಬೇಡ" ಅಂದು ಬಂದುಬಿಟ್ಟೆ. ಮನೆಗೆ ಹೋದ ಮೇಲೆ ನಾಚಿಕೆಯಾಯಿತು. ಯಾಕೆಂದರೆ ಅದು ನಿಜ, ಮತ್ತು ನಾನದನ್ನು ಮಾಡಿದ್ದೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹಿಂದೆ ಕೂತಿರುವ ನಮ್ಮ ಯಜಮಾನರಿಗೂ ಗೊತ್ತಿಲ್ಲ, ಈಗ ಕೇಳಿಸಿಕೊಳ್ಳಲಿ.

ನಾನು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನಲ್ಲಿ. 1996ರಲ್ಲಿ, ನನಗೆ ಹನ್ನೆರಡು ವರ್ಷ, ಒಂದೇ ತಿಂಗಳಲ್ಲಿ ಲಂಗ ಸೊಂಟದಿಂದ ಜಾರುವಷ್ಟು ಸಣ್ಣಗಾದೆ. ಕೊಡದ ನೀರು ಕುಡಿದರೂ ದಾಹ. ಬಚ್ಚಲಿನಲ್ಲಿ ಇರುವೆ ಮುತ್ತಿದ್ದನ್ನು ಮೊದಲು ಕಂಡವರು ನಮ್ಮಜ್ಜಿ. ಡಾಕ್ಟರು ಹೇಳಿದರು, ಇದು ಟೈಪ್ ಒನ್ ಮಧುಮೇಹ, ಮಾತ್ರೆಗೆ ಬಗ್ಗುವುದಲ್ಲ, ಬದುಕಿರುವವರೆಗೂ ಇನ್ಸುಲಿನ್ ಬೇಕು ಅಂತ. ಇಲ್ಲಿ ಕೂತಿರುವ ಹಲವರಿಗೆ ಇರುವುದು ಟೈಪ್ ಟೂ. ನಿಮ್ಮ ಮೈಯಲ್ಲಿ ಇನ್ಸುಲಿನ್ ಹುಟ್ಟುತ್ತದೆ, ಸಾಲದು ಅಥವಾ ಸರಿಯಾಗಿ ನಾಟುವುದಿಲ್ಲ. ನಿಮ್ಮಲ್ಲಿ ಕೆಲವರಿಗೆ ತೂಕ ಇಳಿಸಿದರೆ ಔಷಧಿಯೇ ಕಡಿಮೆಯಾಗಬಹುದು. ನಮಗೆ ಹಾಗಲ್ಲ. ಮೈಯ ಕಾವಲುಪಡೆಯೇ ತಪ್ಪು ತಿಳಿದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನು ಕೊಂದುಹಾಕಿರುತ್ತದೆ. ನಾವು ಏನೇ ತಿಂದದ್ದರಿಂದ, ಬಿಟ್ಟದ್ದರಿಂದ ಬಂದದ್ದಲ್ಲ ಅದು.

ಆಗ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಒದ್ದೆ ಮರಳಿನಲ್ಲಿ ಕುಡಿಕೆ ಹೂತು ಔಷಧಿ ಇಡುತ್ತಿದ್ದೆವು. ಲಿಂಗ ಹಿಡಿಯುವ ಕೈಯ ಬೆರಳು ಚುಚ್ಚಿ ರಕ್ತ ತೆಗೆಯಬಹುದೇ ಎಂದು ಅಜ್ಜಿಗೆ ಚಿಂತೆ. "ಶರಣರು ಸೂತಕಗಳನ್ನೇ ಕಿತ್ತು ಹಾಕಿದರು, ಮಗುವಿನ ಬೆರಳಿಗೆ ಇನ್ಯಾವ ಮೈಲಿಗೆ?" ಅಂದರು ಅಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ಮುಗಿಯದೆ ಉಳಿದದ್ದು ಮದುವೆಯ ಮಾತು. 2006ರಲ್ಲಿ ನನ್ನನ್ನು ನೋಡಲು ಬರುವವರಿದ್ದರು. "ಹುಡುಗಿ ಸ್ವಲ್ಪ ದಪ್ಪ" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಸೂಜಿ ತಪ್ಪಿದರೆ ಸಣ್ಣಗಾಗುತ್ತೇನೆಂದು ಹನ್ನೆರಡನೇ ವಯಸ್ಸಿನಲ್ಲೇ ನೋಡಿದ್ದೆನಲ್ಲ. ಅರ್ಧಕ್ಕೆ ಇಳಿಸಿದೆ. ಮೂರು ವಾರದಲ್ಲಿ ಆರು ಕಿಲೋ ಹೋಯಿತು, ಎಲ್ಲರೂ ಮೆಚ್ಚಿದರು. ಆಗ ಒಳಗೆ ನಡೆಯುತ್ತಿದ್ದುದು ಇಷ್ಟು: ಇನ್ಸುಲಿನ್ ಇಲ್ಲದೆ ಸಕ್ಕರೆ ಕಣದೊಳಗೆ ಹೋಗಲಾರದು, ರಕ್ತದಲ್ಲೇ ಏರುತ್ತದೆ, 180ರ ಆಸುಪಾಸು ದಾಟಿದರೆ ಮೂತ್ರದಲ್ಲಿ ಹರಿದುಹೋಗುತ್ತದೆ. ಉಂಡ ಅನ್ನ ಬಚ್ಚಲಿಗೆ ಹೋಗುತ್ತದೆ. ಹಸಿದ ಮೈ ತನ್ನ ಕೊಬ್ಬನ್ನೂ ಮಾಂಸವನ್ನೂ ಸುಟ್ಟುಕೊಳ್ಳುತ್ತದೆ, ಹಾಗೆ ಸುಟ್ಟಾಗ ಹುಟ್ಟುವ ಕೀಟೋನ್ ಎಂಬ ಆಮ್ಲ ರಕ್ತವನ್ನೇ ಹುಳಿಯಾಗಿಸುತ್ತದೆ. ನಾಲ್ಕನೇ ವಾರ ವಾಂತಿ ಹಿಡಿಯಿತು, ಏದುಸಿರು, ಬಾಯಲ್ಲಿ ಕಳಿತ ಹಣ್ಣಿನ ವಾಸನೆ. ತುಮಕೂರಿನ ಆಸ್ಪತ್ರೆಯೊಂದರ ತುರ್ತು ಘಟಕದಲ್ಲಿ ನಾಲ್ಕು ದಿನ ಇದ್ದೆ. ಮನೆಯವರಿಗೆ ಜ್ವರ ತಿರುಗಿತು ಅಂದಿದ್ದೆ. ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ಎರಡು ವರ್ಷದ ಮೇಲೆ, ಕಾಯಿಲೆಯನ್ನು ಮುಚ್ಚಿಡದೆ ಹೇಳಿ, ಚಿಕ್ಕನಾಯಕನಹಳ್ಳಿ ಕಡೆಯ ಈ ಮನೆಗೆ ಬಂದೆ. ಕಾಯಿಲೆ ಹೇಳಿದ್ದೆ, ಆ ಮೂರು ವಾರ ಹೇಳಿರಲಿಲ್ಲ.

ಉಪವಾಸ ಮಾಡಿ ಇಳಿಸಿದರೆ ಏನು ಅನ್ನುವವರಿದ್ದಾರೆ. ಅದನ್ನೂ ಜಗತ್ತು ಮಾಡಿ ನೋಡಿದೆ. ಇನ್ಸುಲಿನ್ ಸಿಗುವ ಮೊದಲು ಅಮೆರಿಕದಲ್ಲಿ ಇಂಥ ಮಕ್ಕಳನ್ನು ದಿನಕ್ಕೆ ಕೆಲವು ನೂರು ಕ್ಯಾಲೊರಿ ಕೊಟ್ಟು ಹಸಿವಿನಲ್ಲಿ ಇಡುತ್ತಿದ್ದರು. ಸಾವು ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ. ಎಲಿಜಬೆತ್ ಹ್ಯೂಸ್ ಅಂತ ಒಬ್ಬ ಹುಡುಗಿ, ನಮ್ಮ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ 1907ರಲ್ಲೇ ಹುಟ್ಟಿದವಳು. ಹದಿನೈದು ತುಂಬುವ ಹೊತ್ತಿಗೆ ಸುಮಾರು 20 ಕಿಲೋ ಇದ್ದಳು. ಮಂತ್ರಿಯ ಮಗಳು, ಮನೆಯಲ್ಲಿ ಅನ್ನಕ್ಕೆ ಬರವಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು; ಅದೇ ಆಗಸ್ಟಿನಲ್ಲಿ ಇವಳಿಗೂ ಸಿಕ್ಕಿತು. ಮೈ ತುಂಬಿಕೊಂಡಳು, ಮದುವೆಯಾದಳು, 1981ರವರೆಗೆ ಬದುಕಿದಳು. ಕಂಡುಹಿಡಿದವರು ಅದರ ಪೇಟೆಂಟನ್ನು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ದಾಸೋಹ ಅನ್ನುವ ಪದ ಅವರಿಗೆ ಗೊತ್ತಿರಲಿಲ್ಲ, ಬಿಡಿ.

ಹಾಗಾದರೆ ಸೂಜಿ ತಪ್ಪದೆ ಹಾಕುತ್ತಿದ್ದ ನಾನು 76 ಕಿಲೋ ಹೇಗಾದೆ? ನಾಲಿಗೆ ಚಪಲ ಅಂದುಕೊಂಡಿದ್ದೆ. ಎಷ್ಟೋ ರಾತ್ರಿ ಎರಡು ಗಂಟೆಗೆ ಬೆವತು ಎದ್ದು, ಅಡುಗೆಮನೆಯಲ್ಲಿ ನಿಂತು ತಿಂದು, ಬೆಳಿಗ್ಗೆ ನನ್ನನ್ನೇ ಬೈದುಕೊಂಡಿದ್ದೇನೆ. ಈಗ ನೋಡುವ ಡಾಕ್ಟರಮ್ಮ ಒಂದು ತಿಂಗಳು ಎಲ್ಲವನ್ನೂ ಬರೆದು ತರಲು ಹೇಳಿದರು: ಸಕ್ಕರೆ, ಸೂಜಿ, ತಿಂದದ್ದು, ಮಾಡಿದ ಕೆಲಸ. ನೋಡಿದರೆ ವಾರಕ್ಕೆ ನಾಲ್ಕೈದು ಸಲ ಸಕ್ಕರೆ 70ಕ್ಕಿಂತ ಕೆಳಗೆ ಬೀಳುತ್ತಿತ್ತು. ಬಿದ್ದಾಗ ಮೈ ನಡುಗಿ, ಜೀವ ಹೋದಂತಾಗಿ ಕೈಗೆ ಸಿಕ್ಕಿದ್ದೆಲ್ಲ ತಿನ್ನುತ್ತಿದ್ದೆ, ಸಲಕ್ಕೆ 500 ಕ್ಯಾಲೊರಿಯಾದರೂ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎನ್ನುವುದು ಲೆಕ್ಕ. ನೀವೇ ಗುಣಿಸಿ ನೋಡಿ. "ನಿಮ್ಮದು ಚಪಲ ಅಲ್ಲ, ಔಷಧಿ ಲೆಕ್ಕ ತಪ್ಪಿದೆ, ಆ ತಪ್ಪಿಗೆ ನೀವು ಅನ್ನ ಹಾಕುತ್ತಿದ್ದೀರಿ" ಅಂದರು. ಆ ಕೋಣೆಯಲ್ಲಿ ನಾನು ಅತ್ತುಬಿಟ್ಟೆ. ರಾತ್ರಿಯ ಸೂಜಿಯನ್ನು ಅವರು ಅಳೆದು ಕಡಿಮೆ ಮಾಡಿದರು. ನಾನು ಕದ್ದು ಅರ್ಧ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವಿದೆ; ಇಲ್ಲಿ ಪ್ರತಿ ಎರಡು ಯೂನಿಟ್ಟಿಗೂ ನಾಲ್ಕು ಸಲ ರಕ್ತ ನೋಡಿದ ಲೆಕ್ಕವಿತ್ತು. ಎಡವಿದ ರಾತ್ರಿಗಳು ನಿಂತವು. ಮೊದಲ ಎರಡು ಕಿಲೋ ಹೋದದ್ದು ಅದರಿಂದಲೇ, ಒಂದು ಹೆಜ್ಜೆ ನಡೆಯುವ ಮೊದಲು.

ಬಿದ್ದಾಗ ಏನು ತಿನ್ನಬೇಕು ಎನ್ನುವುದನ್ನು ನಮ್ಮ ಸೀಮೆಯವರು ಹೊಸದಾಗಿ ಕಲಿಯಬೇಕು. ಸುಸ್ತು ಅಂದರೆ ನಾವು ಕೊಡುವುದು ಕೊಬ್ಬರಿ ಬೆಲ್ಲ. ಕೊಬ್ಬರಿಯ ಎಣ್ಣೆ ಅಂಶ ಹೊಟ್ಟೆಯಲ್ಲಿ ಬೆಲ್ಲವನ್ನು ತಡೆದು ಕೂರಿಸುತ್ತದೆ. ಸಕ್ಕರೆ ಬೇಗ ಏರುವುದಿಲ್ಲ. ಏರಲಿಲ್ಲವೆಂದು ಇನ್ನೂ ತಿನ್ನುತ್ತೇವೆ. ಒಂದು ಗಂಟೆಯ ಮೇಲೆ ಎಲ್ಲ ಒಟ್ಟಿಗೆ ಏರಿ 300 ಆಗುತ್ತದೆ. ಎಳನೀರೂ ನೆಚ್ಚುವಂಥದ್ದಲ್ಲ, ಸಿಹಿ ಕಾಯಿಂದ ಕಾಯಿಗೆ ಬೇರೆ. 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್, ಅಂದರೆ ಚಿಕ್ಕ ಚಮಚದಲ್ಲಿ ಮೂರು, ನೀರಿಗೆ ಹಾಕಿ ಕುಡಿದು ಹದಿನೈದು ನಿಮಿಷ ಸುಮ್ಮನೆ ಕೂರುವುದು, ಮತ್ತೆ ರಕ್ತ ನೋಡುವುದು. ಏರದಿದ್ದರೆ ಇನ್ನೊಮ್ಮೆ. ಆ ಹದಿನೈದು ನಿಮಿಷ ಕೂರುವಷ್ಟು ಕಷ್ಟದ ವ್ರತ ನಾನು ಬೇರೆ ಕಂಡಿಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಎತ್ತಿಕೊಂಡು ಓಡಿ.

ಇನ್ನು ಊಟ. ಕೊಬ್ಬರಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಜಗಳ ಆಡುವ ಜನ ನಾವು, ಮುದ್ದೆಯನ್ನು ಯಾವತ್ತಾದರೂ ತೂಗಿದ್ದೇವೆಯೇ? ಒಂದು ದಿನ ಹಿಟ್ಟು ತೂಗಿ ನೋಡಿದರೆ ನನ್ನ ಒಂದು ಮುದ್ದೆಗೆ 140 ಗ್ರಾಂ. ರಾಗಿ ಸಕ್ಕರೆ ಏರಿಸುವುದಿಲ್ಲ ಎಂಬ ನಂಬಿಕೆ ಬೇರೆ. ನೂರು ಗ್ರಾಂ ರಾಗಿಯಲ್ಲಿ 65ರಿಂದ 70 ಗ್ರಾಂ ಪಿಷ್ಟವಿದೆ, ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ಈಗ 70 ಗ್ರಾಂ ಹಿಟ್ಟಿನ ಮುದ್ದೆ, ಜೊತೆಗೆ ಎರಡು ಸೌಟು ಹುರುಳಿಕಾಳೋ ಸೊಪ್ಪೋ. ಮುದ್ದೆಯ ತೂಕ ಗೊತ್ತಾದರೆ ಅದಕ್ಕೆ ಎಷ್ಟು ಯೂನಿಟ್ ಅನ್ನುವುದೂ ಗೊತ್ತಾಗುತ್ತದೆ. ನಮ್ಮತ್ತೆಗೆ ಮೊದಮೊದಲು ಅವಮಾನ: "ಸೊಸೆಗೆ ನಿಂಬೆಹಣ್ಣಿನಷ್ಟು ಮುದ್ದೆ ಹಾಕ್ತಾರೆ ಅಂತಾರೆ ಊರವರು." ಕಾಯಿ ಬಿಡಲಿಲ್ಲ, ಬಿಡಲು ಆಗುವುದೂ ಇಲ್ಲ. ಆದರೆ ನೂರು ಗ್ರಾಂ ಕೊಬ್ಬರಿಗೆ 600ಕ್ಕೂ ಹೆಚ್ಚು ಕ್ಯಾಲೊರಿ. ಸಾರಿಗೆ ಒಂದು ಹೋಳು ರುಬ್ಬುತ್ತಿದ್ದವರು ಕಾಲು ಹೋಳಿಗೆ ಬಂದಿದ್ದೇವೆ.

ನಡಿಗೆ ಹೇಮಾವತಿ ನಾಲೆಯ ಏರಿ ಮೇಲೆ, ಬೆಳಿಗ್ಗೆ. ಇಪ್ಪತ್ತು ನಿಮಿಷದಿಂದ ಶುರುಮಾಡಿ ಐವತ್ತಕ್ಕೆ ಬಂದೆ. ನಡೆಯುವಾಗ ಸ್ನಾಯು ಇನ್ಸುಲಿನ್ ಹೆಚ್ಚು ಕೇಳದೆಯೇ ಸಕ್ಕರೆ ಎಳೆದುಕೊಳ್ಳುತ್ತದೆ. ಆದ್ದರಿಂದ ಊಟದ ಸೂಜಿ ಹಾಕಿ ಒಡನೆ ನಡೆದರೆ ನಾವು ಬೀಳುತ್ತೇವೆ. ತೊಡೆಗೆ ಹಾಕಿ ನಡೆದರೆ ಔಷಧಿ ಇನ್ನೂ ಬೇಗ ಏರುತ್ತದೆ. ಬೆಳಿಗ್ಗೆ ತಿಂಡಿಗೆ ಮೊದಲು ಆ ಸೂಜಿ ಇರುವುದಿಲ್ಲ, ನನಗೆ ಅದೇ ಒಗ್ಗಿತು. ಹೊರಡುವ ಮುಂಚೆ ರಕ್ತ ನೋಡುತ್ತೇನೆ. 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಹೊರಡುವುದು. 250 ದಾಟಿದ್ದರೆ ಕೀಟೋನ್ ಪಟ್ಟಿ ನೋಡುವುದು, ಇದ್ದರೆ ಅಂದು ನಡಿಗೆ ಇಲ್ಲ, ಡಾಕ್ಟರಿಗೆ ಫೋನು. ಸೆರಗಿನ ಗಂಟಿನಲ್ಲಿ ಯಾವಾಗಲೂ ಗ್ಲೂಕೋಸ್ ಪುಡಿ. ಕಾಯಿ ಕೀಳಿಸಿ ಹೊತ್ತ ದಿನ, ಗರಿ ಎಳೆದ ದಿನ, ರಾತ್ರಿ ಮೂರಕ್ಕೆ ಬೀಳುವುದುಂಟು. ದುಡಿದ ಸ್ನಾಯು ಒಂದು ದಿನದವರೆಗೂ ಸಕ್ಕರೆ ಕೇಳುತ್ತಿರುತ್ತದಂತೆ. ಅಂಥ ದಿನ ಮಲಗುವ ಮೊದಲು ನೋಡದೆ ಮಲಗುವುದಿಲ್ಲ. ವಾಸಿಂ ಅಕ್ರಂಗೆ ಮೂವತ್ತರ ವಯಸ್ಸಿನಲ್ಲಿ ಇದೇ ಕಾಯಿಲೆ ಬಂತು, ಆಮೇಲೂ ವರ್ಷಗಟ್ಟಲೆ ವೇಗವಾಗಿ ಬೌಲಿಂಗ್ ಮಾಡಿ 2003ರ ವಿಶ್ವಕಪ್‌ನಲ್ಲಿ 500ನೇ ವಿಕೆಟ್ ತೆಗೆದ. ಇದನ್ನು ನನಗೆ ಹೇಳಿದ್ದು ನನ್ನ ಮಗಳು, ಮಳೆಯ ದಿನ ನಾನು ನಡಿಗೆ ತಪ್ಪಿಸಿದಾಗ.

ತೂಕ ನೆಟ್ಟಗೆ ಇಳಿಯಲಿಲ್ಲ. ನಾಲ್ಕನೇ ತಿಂಗಳು ನೂರು ಗ್ರಾಮೂ ಇಲ್ಲ. ಜಾತ್ರೆ, ಮದುವೆ ತಿಂಗಳಲ್ಲಿ ಒಂದೂವರೆ ಕಿಲೋ ವಾಪಸು ಬಂತು. ಮೈ ಇಳಿದಂತೆ ದಿನಕ್ಕೆ 52 ಯೂನಿಟ್ ಇದ್ದದ್ದು 39ಕ್ಕೆ ಬಂತು. ಮೂರು ತಿಂಗಳ ಸರಾಸರಿ 9.2ರಿಂದ 7.4. ಇದು ನನ್ನ ಲೆಕ್ಕ, ಯಾರೂ ನಕಲು ಮಾಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. 39 ಇನ್ನೂ ಇಳಿದು ಸೊನ್ನೆಯಾಗುತ್ತದೆ ಎಂಬ ಆಸೆಯೂ ಬೇಡ. ಪುಡಿಯೊಂದನ್ನು ಹಿಡಿದುಕೊಂಡು "ಇನ್ಸುಲಿನ್ ಬಿಡಿ, ತೂಕವೂ ಇಳಿಯುತ್ತೆ" ಎಂದು ಮನೆಗೆ ಬಂದವರಿದ್ದರು. ಎರಡನೆಯದನ್ನು ಅವರು ಸುಳ್ಳು ಹೇಳಲಿಲ್ಲ.

ಕೊನೆಗೆ ಮಠದಲ್ಲೇ ಆಗುವ ಒಂದು ತೊಂದರೆ, ಪೂಜ್ಯರು ಕ್ಷಮಿಸಬೇಕು. ಒಮ್ಮೆ ಒಂದು ಸಮಾರಂಭದಲ್ಲಿ ಒಂದು ಗಂಟೆಗೆ ಪ್ರಸಾದ ಅಂದರು, ನಾನು ಹತ್ತು ನಿಮಿಷ ಮುಂಚೆ ಸೂಜಿ ಹಾಕಿಕೊಂಡೆ. ಭಾಷಣಗಳು ಮುಗಿದಾಗ ಎರಡೂವರೆ. ಬೆವತು, ತೊದಲಿ, ಪಕ್ಕದವರ ಮೇಲೆ ವಾಲಿದೆ. ಯಾರೋ ಮೈಮೇಲೆ ಏನೋ ಬಂದಿದೆ ಅಂದರು. ಅಂದಿನಿಂದ ತಟ್ಟೆ ಮುಂದೆ ಬಂದ ಮೇಲೆಯೇ ಸೂಜಿ. ಪ್ರಸಾದವನ್ನು ತಟ್ಟೆಯಲ್ಲಿ ಬಿಡಬಾರದು, ನನಗೂ ಗೊತ್ತು. ಅದಕ್ಕೇ ಬಡಿಸುವ ಅಣ್ಣಂದಿರು "ಸಾಕು" ಅಂದಾಗ ನಿಲ್ಲಿಸಬೇಕು; ಮೇಲೆ ಹಾಕಿದ ಒಂದು ಸೌಟು ಪಾಯಸಕ್ಕೆ ನಾನು ಇನ್ನೊಂದು ಸೂಜಿ ಚುಚ್ಚಿಕೊಳ್ಳಬೇಕು. ಶಿವರಾತ್ರಿಗೆ ಉಪವಾಸ ಇರುವ ಮನೆಗಳಲ್ಲಿ ಇಂಥ ಮಕ್ಕಳಿದ್ದರೆ, ಊಟ ಬಿಟ್ಟರೂ ದಿನವಿಡೀ ಕೆಲಸ ಮಾಡುವ ಸೂಜಿಯನ್ನು ಬಿಡುವಂತಿಲ್ಲ. ನನ್ನ ಮಾತು ಕೇಳುವುದಾದರೆ ಆ ಮಕ್ಕಳಿಗೆ ಊಟ ಹಾಕಿ.

ಆ ಹುಡುಗಿ ಇವತ್ತೂ ಬಂದಿದ್ದಾಳೆ. ಎಲ್ಲಿ ಕೂತಿದ್ದಾಳೆಂದು ತೋರಿಸುವುದಿಲ್ಲ, ನೀವೂ ಹುಡುಕಬೇಡಿ. ಮಗಳೇ, ಬೆಳಿಗ್ಗೆ ಆರಕ್ಕೆ ನಾನು ನಾಲೆ ಏರಿ ಮೇಲಿರುತ್ತೇನೆ. ಬರುವಾಗ ಮೀಟರು ತಾ, ಗ್ಲೂಕೋಸ್ ನನ್ನ ಹತ್ತಿರ ಇದೆ.

ತಟ್ಟೆ ಹಾಕುವ ಸದ್ದು ಕೇಳಿಸುತ್ತಿದೆ. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.