ಫ್ಯೂಸ್ ಕಾಯುವುದು ವಯರನ್ನು



ಜೀಪಿಗೆ ಫಾಗ್ ಲೈಟ್, ಮೊಬೈಲ್ ಚಾರ್ಜರ್ ಸೇರಿಸುವಾಗ ಎಲ್ಲ ವಯರುಗಳನ್ನೂ ಬ್ಯಾಟರಿಗೇ ಸುತ್ತಬೇಡಿ. ಒಂದೇ ದಪ್ಪ ವಯರನ್ನು ನೀವೇ ಜೋಡಿಸಿದ ಫ್ಯೂಸ್ ಬಾಕ್ಸಿಗೆ ತಂದು, ಅಲ್ಲಿಂದ ಒಂದೊಂದಕ್ಕೂ ಬೇರೆ ಬೇರೆ ಫ್ಯೂಸ್ ಕೊಡಿ. 55 ವ್ಯಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಅದಕ್ಕೆ 15 ಆಂಪಿಯರ್ ಫ್ಯೂಸ್, ಅಷ್ಟನ್ನು ತಾಳುವ ವಯರ್ ಸಾಕು.

ಆದರೆ ಮುಖ್ಯ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಇಲ್ಲವಾದರೆ ನಡುವಿನ ವಯರ್ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ತಡೆಯುವುದು ಏನೂ ಇಲ್ಲ, ಬೆಂಕಿಯೇ ಹತ್ತೀತು. ಫ್ಯೂಸ್ ಪದೇ ಪದೇ ಹೋದರೆ ತಂತಿಯ ತುಂಡು ಸಿಕ್ಕಿಸದೆ ಕಾರಣ ಹುಡುಕಿ.

ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್. ಆ ಗಾಡಿಯಲ್ಲಿ ಕೂರುವವರ ಜೀವ ನಿಮ್ಮ ಕೈಗೆ ಕೊಟ್ಟ ಅಮಾನತ್ತು.